ತಲಪಾಡಿ ದಾಟುವ ಜಾತ್ರೆ ಅಂಗಡಿ: ತೆರಿಗೆ ರಿಯಾಯಿತಿಯ ನನ್ನ ಅನುಭವ

ಕುಂಬಳೆ ಆಯನ ಜಾತ್ರೆಗೆ ಅಂಗಡಿ ಹಾಕುವುದಕ್ಕೂ ಮಂಗಳೂರಿನ ಮೇಳದಲ್ಲಿ ಸ್ಟಾಲ್ ಹಾಕುವುದಕ್ಕೂ ಟಾರ್ಪಾಲು, ಬಲ್ಬು, ಬಾಡಿಗೆ ವ್ಯಾನು ಎಲ್ಲ ಒಂದೇ. ತೆರಿಗೆ ಮಾತ್ರ ಬೇರೆ. ಮಂಜೇಶ್ವರದವರು ಕೇರಳದೊಳಗೇ ಸರಕು ಮಾರುತ್ತಾ ಇದ್ದರೆ, ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ತಲೆಬಿಸಿ ಇಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಮೇಜು ಇಟ್ಟರೋ, ಕಾಯ್ದೆಯ ಲೆಕ್ಕದಲ್ಲಿ ಅವರು ‘ಕ್ಯಾಶುವಲ್ ಟ್ಯಾಕ್ಸಬಲ್ ಪರ್ಸನ್’, ಅಂದರೆ ಆ ರಾಜ್ಯದಲ್ಲಿ ಕಾಯಂ ಅಂಗಡಿ ಇಲ್ಲದೆ ಅಪರೂಪಕ್ಕೆ ಮಾರುವವರು. ಆ 40 ಲಕ್ಷ ಅಲ್ಲಿ ನಡೆಯುವುದಿಲ್ಲ. ಮೊದಲ ರೂಪಾಯಿಗೇ ನೋಂದಣಿ ಬೇಕು. ಪುತ್ತೂರಿನವರು ಕೇರಳದ ಬದಿಯಡ್ಕಕ್ಕೆ ಬಂದರೂ ಇದೇ ಕತೆ.

ಹಾಗಾಗಿ ಅರ್ಜಿಗಿಂತ ಮೊದಲು ನಾನು ಪೆಟ್ಟಿಗೆ ಬಿಚ್ಚಿ ನೋಡುತ್ತೇನೆ. ಬರೀ ಹಾಳೆತಟ್ಟೆ, ದೊನ್ನೆ ಇದ್ದರೆ ನೋಂದಣಿ ಬೇಡವೇ ಬೇಡ. ಎಲೆ, ಹೂ, ತೊಗಟೆಯಿಂದ ಮಾಡಿದ ತಟ್ಟೆ-ಲೋಟಗಳಿಗೆ 2019ರ ಅಕ್ಟೋಬರ್ 1ರಿಂದ ತೆರಿಗೆ ಸೊನ್ನೆ. ಬೆತ್ತ-ಬಿದಿರಿನ ಬುಟ್ಟಿ, ಚಾಪೆ, ಮಣ್ಣಿನ ಪಾತ್ರೆ, ಕೈಮಗ್ಗದ ಬಟ್ಟೆ ಇದ್ದರೆ ಕರಕುಶಲ ವಿನಾಯಿತಿ ಸಿಗುತ್ತದೆ. ಅದು 2018ರ ಅಕ್ಟೋಬರ್ 23ರ 56/2018 ಅಧಿಸೂಚನೆ. ಅದರ ಪಟ್ಟಿಯನ್ನು ಪ್ರಿಂಟ್ ತೆಗೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿರುತ್ತೇನೆ. ಷರತ್ತು ಮೂರು: ವಸ್ತು ಹೆಚ್ಚಿನಂಶ ಕೈಯಲ್ಲೇ ಮಾಡಿದ್ದಾಗಿರಬೇಕು (ಅಲ್ಪಸ್ವಲ್ಪ ಯಂತ್ರ ಬಳಸಿದರೆ ತೊಂದರೆಯಿಲ್ಲ), ಪಾನ್ ಇರಬೇಕು, ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ದಾಖಲೆ) ಮಾಡಿರಬೇಕು. ಇವುಗಳ ಜತೆಗೆ ಈ ವಿನಾಯಿತಿಗೆ ವಹಿವಾಟಿನ ಮಿತಿಯೂ ಉಂಟು, ಅದನ್ನು ನಾನು 20 ಲಕ್ಷ ಎಂದೇ ಹಿಡಿಯುವುದು. ಅದು ಆ ಮೇಳದ ಮಾರಾಟ ಮಾತ್ರ ಅಲ್ಲ, ಒಂದು ಪಾನ್ ಮೇಲೆ ದೇಶದಲ್ಲೆಲ್ಲ ಮಾರಿದ್ದರ ಒಟ್ಟು.

ಈ ವಿನಾಯಿತಿ ಕೆಡುವುದು ಸಣ್ಣ ಆಸೆಯಿಂದ. ಬುಟ್ಟಿಯ ಪಕ್ಕ ಖಾಲಿ ಜಾಗ ಉಂಟಲ್ಲ ಎಂದು ಎರಡು ಡಜನ್ ಸ್ಟೀಲ್ ಲೋಟ ಇಟ್ಟರೆ, ಆ ಲೋಟಕ್ಕಾಗಿಯೇ ನೋಂದಣಿ ಆಗಬೇಕು. ಸ್ಟೀಲ್ ಲೋಟ ಊರಿನ ಷಷ್ಠಿ ಜಾತ್ರೆಗೆ ಇರಲಿ.

ಇ-ವೇ ಬಿಲ್ಲಿಗೆ 50 ಸಾವಿರದ ಮಿತಿ ಉಂಟು ಎಂದು ನಂಬಿ ಹೊರಡುವವರು ಬಹಳ. ನೋಂದಣಿ ವಿನಾಯಿತಿ ಪಡೆದ ಕರಕುಶಲ ವಸ್ತು ರಾಜ್ಯ ದಾಟುವಾಗ ಆ ಮಿತಿ ಇಲ್ಲ, 5 ಸಾವಿರದ ಬುಟ್ಟಿಗೂ ಬಿಲ್ ಬೇಕು. ನೋಂದಣಿ ಇಲ್ಲದವರು ಪೋರ್ಟಲ್‌ನಲ್ಲಿ ಇಎನ್‌ಆರ್-03 ತುಂಬಿದರೆ 15 ಅಕ್ಷರದ ಎನ್‌ರೋಲ್‌ಮೆಂಟ್ ಐಡಿ ಬರುತ್ತದೆ. 2025ರ ಫೆಬ್ರವರಿಯಿಂದ ಈ ಸೌಲಭ್ಯ ಇದೆ. ಉಪವಿಧದಲ್ಲಿ ‘ಎಕ್ಸಿಬಿಷನ್ ಆರ್ ಫೇರ್ಸ್’, ದಾಖಲೆಯಲ್ಲಿ ‘ಡೆಲಿವರಿ ಚಲನ್’ ಆರಿಸುತ್ತೇನೆ. ವ್ಯಾನಿನ ನಂಬರನ್ನು ಭಾಗ ‘ಬಿ’ಯಲ್ಲಿ ಸರಕು ಹೇರಿದ ಮೇಲೆಯೇ ಹಾಕುವುದು, ಏಕೆಂದರೆ ಬಾಡಿಗೆ ವ್ಯಾನು ಬೆಳಗ್ಗೆ ಬದಲಾಗುವುದು ಸಾಮಾನ್ಯ. 200 ಕಿ.ಮೀ.ವರೆಗೆ ಒಂದು ದಿನದ ಅವಧಿ, ಅಂದರೆ ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿವರೆಗೆ. ಮಾರಿ ಉಳಿದ ಮಾಲು ವಾಪಸ್ ತರಲು ಇನ್ನೊಂದು ಬಿಲ್. ಮೇಳದ ಕೊನೆಯ ರಾತ್ರಿ ಎಲ್ಲರೂ ಮರೆಯುವುದು ಇದನ್ನೇ.

ಸೊನ್ನೆ ತೆರಿಗೆ, ಕರಕುಶಲ ವಿನಾಯಿತಿ ಎರಡಕ್ಕೂ ಸೇರದ ಸರಕಾದರೆ ನೋಂದಣಿ ಅರ್ಜಿ ಆರ್‌ಇಜಿ-01 ತುಂಬಲೇಬೇಕು. ಕಾಯ್ದೆ ಹೇಳುವುದು ವ್ಯಾಪಾರಕ್ಕೆ 5 ದಿನ ಮೊದಲು. ನಾನು 20 ದಿನ ಮೊದಲೇ ಹಾಕುತ್ತೇನೆ. ಅಧಿಕಾರಿ ಆರ್‌ಇಜಿ-03ರಲ್ಲಿ ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೇ 7 ಕೆಲಸದ ದಿನ ಕೊಡುತ್ತಾರೆ, ಅಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ. ಪ್ರಶ್ನೆ ಬರುವುದು ಬಹುಪಾಲು ಸ್ಥಳದ ದಾಖಲೆಯ ಮೇಲೆ. ಬರೀ ಬಾಡಿಗೆ ರಶೀದಿ ಸಾಲದು. ಸ್ಟಾಲ್ ನಂಬರು, ಮೈದಾನದ ವಿಳಾಸ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಬರೆದ ಹಂಚಿಕೆ ಪತ್ರವನ್ನು ಸಂಘಟಕರಿಂದ ಕೇಳಿ ಪಡೆಯಬೇಕು. ನೋಂದಣಿ ಸಿಗುವುದು ಹೆಚ್ಚೆಂದರೆ 90 ದಿನಕ್ಕೆ. ಬೇಕಾದರೆ ಆರ್‌ಇಜಿ-11ರಲ್ಲಿ ಮತ್ತೆ 90 ದಿನ.

ಅರ್ಜಿಯ ಜತೆಗೇ ಅಂದಾಜು ತೆರಿಗೆ ಮುಂಗಡ ಕಟ್ಟಬೇಕು. ಹೆಚ್ಚಿನವರು ಪೂರ್ತಿ ಮಾರಾಟದ ಮೇಲೆ ಕಟ್ಟಿ ಕೈ ಬರಿದು ಮಾಡಿಕೊಳ್ಳುತ್ತಾರೆ. ಇನ್‌ಪುಟ್ ಕ್ರೆಡಿಟ್ (ಸರಕು ಕೊಳ್ಳುವಾಗ ಆಗಲೇ ಕಟ್ಟಿದ ತೆರಿಗೆ) ಕಳೆದು ಉಳಿದದ್ದನ್ನು ಕಟ್ಟಿದರೆ ಸಾಕು ಎಂದು 2018ರ ಅಕ್ಟೋಬರ್ 26ರ ಕೇಂದ್ರ ಸುತ್ತೋಲೆ (71/45/2018) ಸ್ಪಷ್ಟವಾಗಿ ಹೇಳಿದೆ. ನನ್ನ ಲೆಕ್ಕ ಹೀಗೆ: ಕೇರಳದ ನೋಂದಣಿಯಿಂದ 80,000 ರೂಪಾಯಿ ಸರಕನ್ನು ನನ್ನದೇ ಕರ್ನಾಟಕದ ತಾತ್ಕಾಲಿಕ ನಂಬರಿಗೆ ಇನ್‌ವಾಯ್ಸ್ ಮಾಡುತ್ತೇನೆ, 5% ದರದಲ್ಲಿ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ 4,000. ಮೇಳದ ಅಂದಾಜು ಮಾರಾಟ 1,20,000, ಅದಕ್ಕೆ ತೆರಿಗೆ 6,000. ಆ 4,000 ಕಳೆದರೆ ಮುಂಗಡ 2,000 ಮಾತ್ರ, ಕೇಂದ್ರ ಮತ್ತು ರಾಜ್ಯದ ಪಾಲಾಗಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ತಲಾ 1,000. ಮಾರಾಟ ಕಡಿಮೆಯಾಗಿ ಹಣ ಉಳಿದರೆ ಕೊನೆಯ ರಿಟರ್ನ್ ಸಲ್ಲಿಸಿದ ಮೇಲೆ ಆರ್‌ಎಫ್‌ಡಿ-01ರಲ್ಲಿ ವಾಪಸ್ ಕೇಳಬಹುದು. ಒಂದು ತಿಂಗಳ ಜಿಎಸ್‌ಟಿಆರ್-3ಬಿ ರಿಟರ್ನ್ ಬಾಕಿ ಇದ್ದರೂ ಆ ಹಣ ಅಲ್ಲೇ ಕೂತಿರುತ್ತದೆ. ವಾರ್ಷಿಕ ರಿಟರ್ನ್ ಬೇಡ, ಅಷ್ಟೇ ಸಮಾಧಾನ.

ವಹಿವಾಟಿನ ಮೇಲೆ ಸಣ್ಣ ಶೇಕಡಾ ತೆರಿಗೆ ಕಟ್ಟುವ ಕಂಪೋಸಿಷನ್ ಯೋಜನೆಯಲ್ಲಿರುವ ಅಂಗಡಿಯವರಿಗೆ ನಾನು ಗಡಿ ದಾಟಬೇಡಿ ಎಂದೇ ಹೇಳುವುದು. ಕ್ಯಾಶುವಲ್ ನೋಂದಣಿಗೆ ಆ ಯೋಜನೆ ಇಲ್ಲ, ಹೊರರಾಜ್ಯಕ್ಕೆ ಸರಕು ಕಳಿಸಿ ಮಾರುವುದಕ್ಕೂ ಇಲ್ಲ. ಐದು ದಿನದ ಮೇಳಕ್ಕಾಗಿ ಊರಿನ ಅಂಗಡಿಯ ಕಂಪೋಸಿಷನ್ ಕೂಡ ಹೋಗುತ್ತದೆ.

ಇನ್ನು ನಮ್ಮ ಪಂಚಾಯತ್, ನಗರಸಭೆ. ಕೇರಳದಲ್ಲಿ ವೃತ್ತಿ ತೆರಿಗೆ ಅರ್ಧ ವರ್ಷಕ್ಕೊಮ್ಮೆ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಒಂದು ಸ್ಥಳೀಯಾಡಳಿತದ ವ್ಯಾಪ್ತಿಯಲ್ಲಿ ಆ ಅವಧಿಗೆ ಒಟ್ಟು 60 ದಿನ ವ್ಯಾಪಾರ ಆಗದಿದ್ದರೆ ಆ ತೆರಿಗೆ ತಗಲುವುದಿಲ್ಲ. ಬಿಡಿಬಿಡಿ ದಿನಗಳೂ ಕೂಡುತ್ತವೆ: ಷಷ್ಠಿಗೆ 6, ಇನ್ನೊಂದು ಉತ್ಸವಕ್ಕೆ 10, ಆಮೇಲೆ ಪೇಟೆ ಬದಿಯಲ್ಲಿ ಒಂದೂವರೆ ತಿಂಗಳು ಎಂದರೆ 60 ದಾಟಿತು. ನೋಟೀಸು ಬಂದರೆ ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಜತೆಗೆ ನೆಲಬಾಡಿಗೆ ರಶೀದಿಗಳ ಪ್ರತಿ ಲಗತ್ತಿಸಿ, ಅದರಲ್ಲಿ ಆರಂಭದ ದಿನದಷ್ಟೇ ಸ್ಪಷ್ಟವಾಗಿ ಮುಗಿದ ದಿನವೂ ಇರಲಿ. ‘ಜಾತ್ರೆ ಬಾಡಿಗೆ’ ಎಂದಷ್ಟೇ ಗೀಚಿದ ಚೀಟಿಯಿಂದ ದಿನದ ಲೆಕ್ಕ ಸಾಬೀತಾಗುವುದಿಲ್ಲ.