ಹಳೆಯ ಟೆಲಿಫೋಟೋ ಲೆನ್ಸ್, ಹಳೆಯ ಶಟರ್: ನನ್ನ ಅನುಭವ

4×5 ಇಂಚಿನ ಫಿಲ್ಮ್ ಹಾಳೆ ಬಳಸುವ ನನ್ನ ಕ್ಯಾಮೆರಾದ ಬೆಲ್ಲೋಸನ್ನು, ಎಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲವನ್ನು, ಎಷ್ಟು ಎಳೆದರೂ 300 ಮಿ.ಮೀ. ದಾಟುವುದಿಲ್ಲ. ಸಾಮಾನ್ಯ ಲೆನ್ಸ್ ದೂರದ ವಸ್ತುವಿಗೆ ಫೋಕಸ್ ಆಗಲು ಫಿಲ್ಮಿನಿಂದ ಅದರ ಫೋಕಲ್ ಲೆಂತ್‌ನಷ್ಟು ಅಂತರ ಬೇಕು. ಹೀಗಾಗಿ 360 ಮಿ.ಮೀ. ಫೋಕಲ್ ಲೆಂತ್‌ನ ಸಾಮಾನ್ಯ ಲೆನ್ಸ್ ಅದರಲ್ಲಿ ದೂರದ ಬೆಟ್ಟಕ್ಕೂ ಫೋಕಸ್ ಆಗುವುದಿಲ್ಲ. ಟೆಲಿಫೋಟೋ ಲೆನ್ಸಿನಲ್ಲಾದರೆ ಮುಂದಿನ ಗಾಜುಗಳು ಬೆಳಕನ್ನು ಕೂಡಿಸುತ್ತವೆ, ಹಿಂದಿನವು ಅದನ್ನು ತುಸು ಚದುರಿಸುತ್ತವೆ. ಆದ್ದರಿಂದ ಲೆನ್ಸಿಗೂ ಫಿಲ್ಮಿಗೂ ನಡುವಿನ ಅಂತರ ಫೋಕಲ್ ಲೆಂತ್‌ಗಿಂತ ಬಹಳ ಕಡಿಮೆ ಸಾಕು. 1891ರಲ್ಲಿ ಲಂಡನ್ನಿನ ಡಾಲ್‌ಮೇಯರ್, ಮ್ಯೂನಿಕ್‌ನ ಸ್ಟೈನ್‌ಹೈಲ್ ಮತ್ತು ಬರ್ಲಿನ್ನಿನ ಮೀಟೆ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಕಂಡುಕೊಂಡ ಉಪಾಯವಿದು. ನನಗೆ ಸಿಕ್ಕಿದ 360 ಮಿ.ಮೀ., ಎಫ್/5.5ರ ಹಳೆಯ ಜರ್ಮನ್ ಲೆನ್ಸನ್ನು ದೂರದ ಬೆಟ್ಟಕ್ಕೆ ಫೋಕಸ್ ಮಾಡಿ ಲೆನ್ಸ್ ಕೂರಿಸುವ ಬೋರ್ಡಿನಿಂದ ಚಿತ್ರ ಮೂಡುವ ಗ್ರೌಂಡ್ ಗ್ಲಾಸಿನವರೆಗೆ ಸ್ಕೇಲಿನಲ್ಲಿ ಅಳೆದಾಗ 210 ಮಿ.ಮೀ. ಬಂತು.

ಲೆನ್ಸಿನೊಂದಿಗೆ ಬಂದದ್ದು ಕಾಂಪೌಂಡ್ ಎಂಬ ಶಟರ್ (ಬೆಳಕನ್ನು ಗೊತ್ತಾದಷ್ಟು ಹೊತ್ತು ಒಳಬಿಡುವ ಸಾಧನ). ಇದರ ನಿಧಾನ ವೇಗಗಳನ್ನು ನಿಯಂತ್ರಿಸುವುದು ಹಲ್ಲುಚಕ್ರಗಳಲ್ಲ, ಪುಟ್ಟ ಕೊಳವೆಯೊಳಗೆ ಚಲಿಸುವ ಪಿಸ್ಟನ್ ಮತ್ತು ಅದು ಒತ್ತುವ ಗಾಳಿ. ಹಿಂದೆ ಯಾರೋ ಅದಕ್ಕೆ ಎಣ್ಣೆ ಹಾಕಿದ್ದರಿಂದ ಪಿಸ್ಟನ್ ಅಂಟಿಕೊಂಡಿತ್ತು. ಇಂಥ ಹಳೆಯ ಶಟರ್‌ಗಳ ಡಯಾಫ್ರಮ್ ಎಲೆಗಳು (ಬೆಳಕಿನ ಕಿಂಡಿಯಾದ ಅಪರ್ಚರನ್ನು ಹಿಗ್ಗಿಸಿ ಕುಗ್ಗಿಸುವವು) ಲೋಹದ್ದಲ್ಲದೆ ಇರಬಹುದಾದ್ದರಿಂದ ಮತ್ತು ಒದ್ದೆಯಾದರೆ ಅವು ಸೊಟ್ಟಗಾಗುವುದರಿಂದ, ಶಟರನ್ನು ದ್ರಾವಕದಲ್ಲಿ ಮುಳುಗಿಸದೆ, ಕೊಳವೆ ಮತ್ತು ಪಿಸ್ಟನ್ನನ್ನು ಮಾತ್ರ ಬಿಚ್ಚಿ, ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಜೋಡಿಸಿದೆ. ಮತ್ತೆ ಎಣ್ಣೆ ಹಾಕಲಿಲ್ಲ.

ಬಳಿಕ ಪ್ರತಿ ವೇಗವನ್ನೂ ಹತ್ತು ಹತ್ತು ಬಾರಿ ಅಳೆದೆ. ನಿಧಾನ ವೇಗಗಳಿಗೆ ಶಟರ್ ತೆರೆಯುವ ಮತ್ತು ಮುಚ್ಚುವ ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಎರಡರ ನಡುವಿನ ಅಂತರ ನೋಡಿದರೆ ಸಾಕಾಯಿತು. ಒಂದು ಸೆಕೆಂಡ್ ಎಂದು ಕೆತ್ತಿರುವಲ್ಲಿ ಪ್ರತಿ ಸಲವೂ 1.4 ಸೆಕೆಂಡಿನ ಆಸುಪಾಸೇ ಬಂತು. ಅದು ಅರ್ಧ ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಅಷ್ಟೇ. ಲೆಕ್ಕಕ್ಕೆ ಸೇರಿಸಿಕೊಂಡರೆ ಆಯಿತು. ಆದರೆ ಅರ್ಧ ಸೆಕೆಂಡಿನ ಗುರುತಿನಲ್ಲಿ ಒಮ್ಮೆ 0.5, ಇನ್ನೊಮ್ಮೆ 0.9 ಬಂದದ್ದರಿಂದ ಆ ವೇಗವನ್ನು ಬಳಸುವುದನ್ನೇ ಬಿಟ್ಟೆ. ತಪ್ಪು ವೇಗ ನನಗೆ ತೊಂದರೆಯಲ್ಲ, ದಿನಕ್ಕೊಂದು ಬಗೆಯಾಗುವ ವೇಗವೇ ತೊಂದರೆ.

ಹತ್ತಿರದ ವಸ್ತುಗಳಿಗೆ ಎಕ್ಸ್‌ಪೋಷರ್ (ಫಿಲ್ಮಿಗೆ ಬೇಕಾದ ಬೆಳಕು) ಲೆಕ್ಕ ಹಾಕುವಾಗ ಮೊದಮೊದಲು ನಾನು ಎಡವಿದ್ದೇನೆ. ಬೆಲ್ಲೋಸಿನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ ವರ್ಗ ಮಾಡುವ ವಾಡಿಕೆಯ ಸೂತ್ರವನ್ನು ಇಲ್ಲಿ ಹಚ್ಚಿದರೆ, 300ನ್ನು 360ರಿಂದ ಭಾಗಿಸಿ, ಬೆಳಕನ್ನು ಕಡಿಮೆ ಮಾಡಬೇಕೆಂಬ ಅಸಂಬದ್ಧ ಉತ್ತರ ಬರುತ್ತದೆ. ನೋಡಬೇಕಾದದ್ದು ಅಪರ್ಚರ್ ಮುಂದಿನಿಂದ ಮತ್ತು ಹಿಂದಿನಿಂದ ಎಷ್ಟೆಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು. ನನ್ನ ಲೆನ್ಸಿನಲ್ಲಿ ಪೂರ್ತಿ ತೆರೆದಾಗ ಮುಂದಿನಿಂದ ಸುಮಾರು 65 ಮಿ.ಮೀ., ಹಿಂದಿನಿಂದ ಸುಮಾರು 40 ಮಿ.ಮೀ., ಅಂದರೆ 0.6ರ ಅನುಪಾತ. ಬೆಲ್ಲೋಸನ್ನು ಪೂರ್ತಿ ಎಳೆದಾಗ ವಸ್ತು ಕಾಲುಭಾಗದ ಗಾತ್ರದಲ್ಲಿ ಮೂಡುತ್ತದೆ, 0.25ನ್ನು 0.6ರಿಂದ ಭಾಗಿಸಿ, ಒಂದನ್ನು ಕೂಡಿಸಿ ವರ್ಗ ಮಾಡಿದರೆ ಎರಡು ಬರುತ್ತದೆ, ಎಂದರೆ ಪೂರ್ತಿ ಒಂದು ಸ್ಟಾಪ್ ಹೆಚ್ಚು ಬೆಳಕು ಬೇಕು.

ಲೆನ್ಸನ್ನು ಬೇರೆ ಶಟರಿನ ಮುಂದೆ ಕೂರಿಸಿದಾಗ, ಶಟರ್ ಬೆಳಕನ್ನು ತಡೆಯುತ್ತಿದೆಯೇ ಎಂದು ತಿಳಿಯಲು ಗ್ರೌಂಡ್ ಗ್ಲಾಸಿನ ಕತ್ತರಿಸಿದ ಮೂಲೆಯ ಸಂದಿಯಲ್ಲಿ ಕಣ್ಣಿಟ್ಟು ಅಪರ್ಚರನ್ನು ನೋಡುತ್ತೇನೆ. ಅಲ್ಲಿಂದ ಪೂರ್ಣ ವೃತ್ತ ಕಂಡರೆ ಫಿಲ್ಮಿನ ಮೂಲೆಗೂ ಬೆಳಕು ಸಲ್ಲುತ್ತದೆ. ಬಾದಾಮಿಯ ಆಕಾರ ಕಂಡರೆ ವೃತ್ತ ಆಗುವವರೆಗೂ ಅಪರ್ಚರನ್ನು ಕಿರಿದು ಮಾಡುತ್ತಾ ಹೋಗುತ್ತೇನೆ.

ಮುಂದಿನ ಬೋರ್ಡನ್ನು ಓರೆ ಮಾಡುವುದು ಈ ಲೆನ್ಸಿನೊಂದಿಗೆ ತಾಳ್ಮೆಯ ಕೆಲಸ. ಚಿತ್ರಕ್ಕೆ ಆಧಾರವಾದ ಬಿಂದು ಬೋರ್ಡಿನಲ್ಲಿ ಇರದೆ ಲೆನ್ಸಿಗಿಂತಲೂ ಮುಂದಿರುವುದರಿಂದ, ತುಸು ಓರೆ ಮಾಡಿದರೂ ಗಾಜಿನ ಮೇಲಿನ ಚಿತ್ರವೆಲ್ಲ ಪಕ್ಕಕ್ಕೆ ಸರಿದುಬಿಡುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಫಿಲ್ಮ್ ಇರುವ ಹಿಂದಿನ ಚೌಕಟ್ಟನ್ನೇ ಓರೆ ಮಾಡುತ್ತೇನೆ. ಕಟ್ಟಡಗಳ ಗೆರೆ ನೆಟ್ಟಗಿರಬೇಕಾದಾಗ ಮಾತ್ರ ಮುಂದಿನದನ್ನು ಮುಟ್ಟಿ, ಗಾಜಿನ ಮೇಲೆ ಚಿತ್ರವನ್ನು ಮತ್ತೆ ಹೊಂದಿಸಿಕೊಳ್ಳುತ್ತೇನೆ.