ಹಳದಿ ಅಕ್ಷರಕ್ಕೆ ಜಾಗ ಹುಡುಕುವುದು ಹೇಗೆ?

ಮಂಗಳೂರಿನಿಂದ ಉಡುಪಿಗೆ ಹೋಗುವ ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಕ್ಕದವರ ಮೊಬೈಲಿಗೆ ಇಣುಕುವುದು ತಪ್ಪು, ಒಪ್ಪುತ್ತೇನೆ. ಆದರೆ ಸುರತ್ಕಲ್ ದಾಟಿ ಪಡುಬಿದ್ರಿ ಬರುವಷ್ಟರಲ್ಲಿ ಒಬ್ಬರು ಹಳದಿಯಾದ ‘ಆರ್’ ಅಕ್ಷರವನ್ನು ಮೂರು ಸಲ ಅದೇ ಎರಡನೇ ಮನೆಯಲ್ಲಿ ಕೂರಿಸಿ ಸೋತದ್ದನ್ನು ಕಂಡ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಆಟ ವರ್ಡಲ್. ಜೋಶ್ ವಾರ್ಡಲ್ ಎಂಬಾತ 2021ರಲ್ಲಿ ಜನರ ಕೈಗಿತ್ತದ್ದು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡದ್ದು. ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಪದ, ಆರು ಅವಕಾಶ. ಹಸಿರು ಬಂದರೆ ಅಕ್ಷರವೂ ಸರಿ, ಜಾಗವೂ ಸರಿ. ಹಳದಿ ಬಂದರೆ ಅಕ್ಷರ ಇದೆ, ಜಾಗ ಬೇರೆ. ಬೂದು ಬಂದರೆ ಆ ಅಕ್ಷರ ಇಲ್ಲ. ಪದಬಂಧ ಬಿಡಿಸುವವರಿಗೂ ಮುಂದಿನ ಉಪಾಯ ನಡೆಯುತ್ತದೆ.

ಮೊದಲು ಕಾಗದ, ಪೆನ್ಸಿಲ್. ಮನೆಯಲ್ಲಿ ರಾಶಿ ಬಿದ್ದಿರುವ ಮದುವೆ ಕಾಗದದ ಲಕೋಟೆಯ ಹಿಂಬದಿ ಸಾಕು. ಇದಕ್ಕೆಂದೇ ಚೌಕ ಹಾಕಿ ಮಾರುವ ಪುಸ್ತಕವನ್ನು ಕೊಳ್ಳಬೇಡಿ. ನಾನು ಕೊಂಡದ್ದರ ಹಾಳೆ ಒಂದು ಸಲ ರಬ್ಬರ್ ಉಜ್ಜಿದ್ದಕ್ಕೇ ಹರಿಯಿತು.

ಎರಡನೆಯದು ಆರಂಭದ ಪದ. ಹಲವರು ನಾಲ್ಕು ಸ್ವರಗಳಿವೆ ಎಂಬ ಆಸೆಗೆ ಎ-ಡಿ-ಐ-ಇ-ಯು ಎಂದು ಶುರುಮಾಡುತ್ತಾರೆ. ಬಿಡಿ ಆ ಅಭ್ಯಾಸವನ್ನು. ಪದದ ಅಸ್ಥಿಪಂಜರ ಇರುವುದು ವ್ಯಂಜನಗಳಲ್ಲಿ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಹೆಚ್ಚು ಬಳಕೆಯ ಅಕ್ಷರಕ್ಕೆ ಹೆಚ್ಚು ಬಿಲ್ಲೆ. ಅದರ ಡಬ್ಬಿಯ 100 ಬಿಲ್ಲೆಗಳನ್ನು ಎಣಿಸಿ ನೋಡಿ: ಇ 12, ಎ 9, ಆರ್ ಮತ್ತು ಎನ್ ಆರಾರು, ಯು ಬರೀ ನಾಲ್ಕು. ನನ್ನ ಪದ ‘ಕ್ರೇನ್’: ಸಿ-ಆರ್-ಎ-ಎನ್-ಇ. ವರ್ಷಗಳಿಂದ ಬದಲಿಸಿಲ್ಲ.

ಇನ್ನು ಜನ ಎಡವುವ ಜಾಗ. ‘ಕ್ರೇನ್’ ಬರೆದಿರಿ, ಕೊನೆಯ ಇ ಹಸಿರು, ಆರ್ ಹಳದಿ, ಉಳಿದ ಮೂರು ಬೂದು ಎಂದಿಟ್ಟುಕೊಳ್ಳಿ. ಹಳದಿ ಎಂದರೆ ‘ಇದೆ’ ಎಂದಷ್ಟೇ ಓದುತ್ತೇವೆ. ಅದು ‘ಇಲ್ಲಿ ಇಲ್ಲ’ ಎಂದೂ ಹೇಳುತ್ತಿದೆ. ಎರಡನೇ ಮನೆ ಆರ್‌ಗೆ ನಿಷಿದ್ಧ, ಐದನೆಯದು ಇ ಪಾಲಾಗಿದೆ. ಉಳಿದದ್ದು ಒಂದು, ಮೂರು, ನಾಲ್ಕು. ಲಕೋಟೆಯ ಮೇಲೆ ಮೂರು ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ಐದು ಗೀಟು, ಕೊನೆಯಲ್ಲಿ ಇ. ಆರ್ ಮಾತ್ರ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ. ಈಗ ಖಾಲಿ ಗೀಟುಗಳನ್ನು ತುಂಬಿ.

ಇಲ್ಲೇ ಕನ್ನಡದ ಕಿವಿ ನಮಗೆ ಕೈಕೊಡುತ್ತದೆ. ನಾವು ಉಚ್ಚರಿಸಿದಂತೆ ಬರೆಯುವವರು. ‘ಸ್ಟೋರ್’ ಎಂಬುದು ಕನ್ನಡದಲ್ಲಿ ಎರಡೇ ಅಕ್ಷರ. ಇಂಗ್ಲಿಷಿನಲ್ಲಿ ಐದು ಮನೆ ತುಂಬುತ್ತದೆ. ಬಾಯಲ್ಲಿ ಗುನುಗುತ್ತಾ ಹುಡುಕಿದರೆ ಆರ್ ಮೊದಲಿರುವ ಸಾಲಿಗೆ ಏನೂ ಹೊಳೆಯುವುದಿಲ್ಲ. ‘ರೋಗ್’ ಎಂದು ಕೇಳಿಸುವ ಪದದ ಬೆನ್ನಿಗೆ ಯು-ಇ ಇದೆ. ‘ರೂಟ್’ನಲ್ಲಿ ಓ ಮತ್ತು ಯು ಒಟ್ಟಿಗೆ ಕುಳಿತಿವೆ. ಬೆಟ್ಟದ ಏಣಿನ ‘ರಿಜ್’ನಲ್ಲಿ ಡಿ ಸದ್ದಿಲ್ಲದೆ ಅಡಗಿದೆ. ಆರ್ ಮೂರನೆಯದಾದ ಸಾಲು ಇನ್ನೂ ಮಜವಾದದ್ದು. ‘ವರ್ಸ್’ ಎಂದು ಹೇಳಿ. ಪದ್ಯದ ಸಾಲು ಎಂಬ ಅರ್ಥದ ವಿ-ಇ-ಆರ್-ಎಸ್-ಇ ಹೇಳಿದಿರೋ, ಇನ್ನಷ್ಟು ಕೆಟ್ಟದ್ದು ಎಂಬ ಅರ್ಥದ ಡಬ್ಲ್ಯು-ಓ-ಆರ್-ಎಸ್-ಇ ಹೇಳಿದಿರೋ? ನಮ್ಮ ಒಂದೇ ‘ವ’ ಎರಡನ್ನೂ ನುಂಗಿಬಿಟ್ಟಿತು. ಹಾಗಾಗಿ ತುಟಿ ಅಲುಗಿಸದೆ, ಬರೆದ ಗೀಟುಗಳನ್ನು ಕಣ್ಣಿನಿಂದಲೇ ನೋಡಿ. ಖಾಲಿ ಜಾಗಕ್ಕೆ ಅಕ್ಷರಗಳನ್ನು ಜೋಡಿಯಾಗಿ ಇಡಿ: ಎಸ್-ಟಿ, ಎಸ್-ಎಚ್, ಜಿ-ಯು, ಡಿ-ಜಿ. ಒಂಟಿ ಅಕ್ಷರ ಇಟ್ಟು ಕಾಯುವವರು ಕಾಪು ಬಂದರೂ ಕಾಯುತ್ತಲೇ ಇರುತ್ತಾರೆ.

ನಿಘಂಟು ತೆರೆಯುತ್ತೇನೆ ಎನ್ನುವವರಿಗೊಂದು ಮಾತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ನಿಘಂಟಿನಿಂದ ಹಿಡಿದು ಮಕ್ಕಳ ಕಿಸೆ ನಿಘಂಟಿನವರೆಗೆ ಎಲ್ಲವೂ ಮೊದಲ ಅಕ್ಷರದ ಬಾಗಿಲಿನಿಂದ ಒಳಗೆ ಬಿಡುತ್ತವೆ. ನಮ್ಮ ಕೈಯಲ್ಲಿರುವುದು ಮೂರನೇ ಅಕ್ಷರ. ಅಕ್ಷರ ಕೊಟ್ಟರೆ ಪದಗಳ ಪಟ್ಟಿ ಉದುರಿಸುವ ಜಾಲತಾಣಗಳಿವೆ, ನಿಜ. ಜಾಹೀರಾತು ಸರಿಸುವಷ್ಟರಲ್ಲಿ ಅರ್ಧ ಹುಮ್ಮಸ್ಸು ಇಳಿದಿರುತ್ತದೆ. ಸಿಕ್ಕ ಪಟ್ಟಿಯಲ್ಲಿ ಯಾರೂ ಎಂದೂ ಆಡದ ಪದಗಳು ತುಂಬಿರುತ್ತವೆ. ಪದಬಂಧದಲ್ಲಿ ಕೊನೆಯ ಒಂದು ಮನೆ ಉಳಿದಾಗ ಬಳಸಿ, ಅದಕ್ಕಿಂತ ಮೊದಲು ಬೇಡ.

ನಾಲ್ಕನೇ ಮನೆಯ ಆರ್ ಸಾಲಿನಲ್ಲಿ ಒಂದು ಹೊಂಡವಿದೆ. ಸ್ಟೋರ್, ಶೋರ್, ಸ್ಪೋರ್, ಸ್ವೋರ್: ಇಂಗ್ಲಿಷಿನಲ್ಲಿ ಬರೆದರೆ ನಾಲ್ಕರಲ್ಲೂ ಎರಡನೇ ಅಕ್ಷರ ಮಾತ್ರ ಬೇರೆ (ಟಿ, ಎಚ್, ಪಿ, ಡಬ್ಲ್ಯು). ಒಂದೊಂದಾಗಿ ಪ್ರಯತ್ನಿಸಿದರೆ ನಾಲ್ಕು ಅವಕಾಶವೂ ಹೋದೀತು. ಬದಲಿಗೆ ಒಂದು ಅವಕಾಶವನ್ನು ಬಲಿ ಕೊಟ್ಟು ‘ಡೆಪ್ತ್’ ಬರೆಯಿರಿ. ಅದರಲ್ಲಿ ಪಿ, ಟಿ, ಎಚ್ ಮೂರೂ ಇವೆ. ಯಾವುದು ಬಣ್ಣ ತಿರುಗಿತೋ ಅದೇ ಉತ್ತರದ ಅಕ್ಷರ. ಮೂರೂ ಬೂದಾದರೆ ಡಬ್ಲ್ಯು. ಆಟದಲ್ಲೇ ಇರುವ ಕಷ್ಟದ ಮಾದರಿಯನ್ನು (‘ಹಾರ್ಡ್ ಮೋಡ್’) ಆರಿಸಿಕೊಂಡವರಿಗೆ ಈ ಉಪಾಯವಿಲ್ಲ, ಏಕೆಂದರೆ ಅಲ್ಲಿ ಸಿಕ್ಕ ಸುಳಿವನ್ನು ಬಳಸಲೇಬೇಕು. ಆ ಮಾದರಿ ಜಂಬಕ್ಕಷ್ಟೇ ಎಂಬುದು ನನ್ನ ಅಭಿಪ್ರಾಯ.

ಒಂದೇ ಅಕ್ಷರ ಎರಡು ಸಲ ಬರುವುದರ ಬಗ್ಗೆ ಚುಟುಕಾಗಿ: ಉತ್ತರ ‘ಸ್ಟೋರ್’ ಇದ್ದು ನೀವು ಇ-ಎ-ಟಿ-ಇ-ಆರ್ ಬರೆದರೆ ಮೊದಲ ಇ ಹಳದಿ, ಎರಡನೆಯದು ಬೂದು. ಇ ಇಲ್ಲವೆಂದಲ್ಲ, ಒಂದೇ ಇದೆ ಎಂದು. ಬಣ್ಣ ಎಂಬರ್ಥದ ‘ಕಲರ್’ ಶಾಲೆಯಲ್ಲಿ ಕಲಿತಂತೆ ಆರಕ್ಷರ; ಅಮೆರಿಕದವರಿಗೆ ಐದೇ. ಆಟ ಅವರದು.

ಕೊನೆಗೊಂದು ಎಚ್ಚರಿಕೆ. ಹೊಸ ಪದ ಬರುವುದು ಆಯಾ ಊರಿನ ನಡುರಾತ್ರಿಗೆ. ದುಬೈಯಲ್ಲಿರುವ ಬಂಧುಗಳು ನಮಗಿಂತ ಒಂದೂವರೆ ಗಂಟೆ ಹಿಂದೆ. ಹನ್ನೆರಡು ದಾಟಿದ ತಕ್ಷಣ ಆಡಿ ಮುಗಿಸಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರ ಬರೆದುಬಿಡಬೇಡಿ. ನಾನು ಒಮ್ಮೆ ಬರೆದಿದ್ದೆ. ಮುಂದಿನ ರಜೆಗೆ ಬಂದ ಭಾವ ನಮ್ಮ ಮನೆಯೊಂದನ್ನು ಬಿಟ್ಟು ಉಳಿದೆಲ್ಲರ ಮನೆಗೂ ಖರ್ಜೂರದ ಡಬ್ಬಿ ಕೊಟ್ಟರು.