ತಿಂಗಳು ತುಂಬದೆ ಹುಟ್ಟಿದ ಕೂಸಿನ ಮನೆ ಆರೈಕೆ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ನಮ್ಮ ಕಡೆಯ ಬಾಣಂತಿ ಕೋಣೆಗಳಲ್ಲಿ ಈಗಲೂ ಕೇಳಬಹುದು. ಅದು ಸುಳ್ಳು, ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. 37 ವಾರ ತುಂಬುವ ಮೊದಲು ಹುಟ್ಟಿದ ಕೂಸನ್ನು ಹುಬ್ಬಳ್ಳಿಯ ಕಿಮ್ಸ್‌ನಿಂದಲೋ ಗದಗ, ಹಾವೇರಿಯ ಆಸ್ಪತ್ರೆಗಳಿಂದಲೋ ಮನೆಗೆ ಕರೆತಂದ ಮೇಲೆ, ಕೂಲಿಯ ದುಡ್ಡಿನಲ್ಲಿ ಟಾನಿಕ್ಕು ಕೊಳ್ಳುವ ಬದಲು ಮಾಡಬೇಕಾದ ಕೆಲಸಗಳಿವೆ. ಅವಕ್ಕೆ ದುಡ್ಡಿಗಿಂತ ಮನೆಯವರ ಹೊತ್ತು ಹೆಚ್ಚು ಬೇಕು.

ಮೊದಲನೆಯದು, ಕೂಸನ್ನು ಎದೆಗೆ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಬಿಸಿಪೆಟ್ಟಿಗೆಗಳು ಸಾಲದ ಆಸ್ಪತ್ರೆಯಲ್ಲಿ ಆರಂಭವಾದ ಈ ಕಾಂಗರೂ ಆರೈಕೆಯನ್ನು ದಿನಕ್ಕೆ 8ರಿಂದ 24 ಗಂಟೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಕೂಸಿಗೆ ಕುಲಾವಿ, ಲಂಗೋಟಿ, ಕಾಲುಚೀಲ ಮಾತ್ರ ಇರಲಿ. ತಾಯಿ ದಿಂಬಿಗೆ ಒರಗಿ ಕುಳಿತು, ಕೂಸನ್ನು ಎರಡು ಮೊಲೆಗಳ ನಡುವೆ ನೆಟ್ಟಗೆ, ಮೈಗೆ ಮೈ ತಾಗುವಂತೆ ಇರಿಸಿಕೊಂಡು, ಅದರ ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕೈಕಾಲುಗಳನ್ನು ಕಪ್ಪೆಯಂತೆ ಮಡಚಬೇಕು. ಮೇಲೆ ಮೆತ್ತಗಾದ ಹಳೆಯ ನೂಲಿನ ಸೀರೆಯನ್ನು, ಅದರ ಮೇಲಂಚು ಕೂಸಿನ ಕಿವಿಯ ಕೆಳಗೆ ಬರುವಂತೆ ಸುತ್ತಿ ಕಟ್ಟಬೇಕು; ಬೆಟಗೇರಿಯ ಮಗ್ಗದ ಸೀರೆ ಮನೆಯಲ್ಲಿದ್ದರೆ ಅಂಗಡಿಯ ಪಟ್ಟಿ ಬೇಕಿಲ್ಲ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮುಚ್ಚುತ್ತದೆ, ಆದ್ದರಿಂದ ಮೂಗು, ಬಾಯಿ ಸದಾ ಕಣ್ಣಿಗೆ ಕಾಣುತ್ತಿರಬೇಕು. ಒಮ್ಮೆ ಕಟ್ಟಿದರೆ ಒಂದು ಗಂಟೆಯಾದರೂ ಬಿಚ್ಚಬಾರದು. ತಾಯಿ ದಣಿದಾಗ ಅಪ್ಪ ಕಟ್ಟಿಕೊಳ್ಳಲಿ, ಅಜ್ಜಿ ಕಟ್ಟಿಕೊಳ್ಳಲಿ. ಗಂಡಸು ಕೂಸನ್ನು ಎದೆಗೆ ಕಟ್ಟಿಕೊಂಡರೆ ಓಣಿಯವರು ನಗುತ್ತಾರೆಂಬ ಸಂಕೋಚ ಒಂದು ವಾರದಲ್ಲಿ ಹೋಗುತ್ತದೆ.

ಬಾಣಂತಿ ಕೋಣೆಯಲ್ಲಿ ಕೆಂಡದ ಶೆಗಡಿ ಇಡುವ ರೂಢಿಯನ್ನು ಈ ಕೂಸಿನ ಮಟ್ಟಿಗಾದರೂ ಬಿಡಬೇಕು, ಏಕೆಂದರೆ ಪೂರ್ತಿ ಬಲಿಯದ ಪುಪ್ಪುಸಕ್ಕೆ ಹೊಗೆ ಅಪಾಯಕಾರಿ. ಬ್ಯಾಡಗಿಯ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದವರು ಉಟ್ಟ ಸೀರೆಯನ್ನೇ ಬದಲಿಸಿ, ಮೊಣಕೈವರೆಗೆ ಸಬೂನು ಹಚ್ಚಿ ತೊಳೆದುಕೊಂಡ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು. ಒಮ್ಮೆ ತೊಳೆದರೆ ಉಗುರಿನ ಸಂದಿಯ ಖಾರ ಹೋಗುವುದಿಲ್ಲ.

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರಕ್ಕೆ ಬರುತ್ತದೆ. ಚೀಪಲು ಇನ್ನೂ ಆಗದ ಕೂಸಿಗೆ ವೈದ್ಯರು ಹೇಳಿದಷ್ಟು ಎದೆಹಾಲನ್ನು ಕೈಯಿಂದ ಹಿಂಡಿ, ಕುದಿಸಿ ಆರಿಸಿದ ಒಳಲೆಯಿಂದ, ತಲೆ ತುಸು ಎತ್ತಿ ಹಿಡಿದು, ತುಟಿಯ ಅಂಚಿನಲ್ಲಿ ಹನಿಹನಿಯಾಗಿ ಎರಡು ಮೂರು ಗಂಟೆಗೊಮ್ಮೆ ಹಾಕಬೇಕು. ಜೇನು, ಬಜಿ, ಹರಳೆಣ್ಣೆ ಬೇಡವೇ ಬೇಡ.

ಕೂಸಿನ ಮಿದುಳು ಬೆಳೆಯುವುದಕ್ಕೆ ಆಟಿಗೆಗಳಿಗಿಂತ ಮೊದಲು ಬೇಕಾದದ್ದು ನೆಮ್ಮದಿಯ ನಿದ್ದೆ. ಟಿವಿ ಸದ್ದು ತಗ್ಗಿಸಿ, ನೋಡಲು ಬಂದವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದರೆ ತಪ್ಪಿಲ್ಲ. ಎಚ್ಚರವಿದ್ದಾಗ ಒಂದು ಗೇಣು ದೂರದಿಂದ ಮುಖ ತೋರಿಸಿ ಮೆಲ್ಲಗೆ ಮಾತಾಡಿಸಬೇಕು, ಇಲ್ಲವೇ ಜೋಗುಳ ಹಾಡಬೇಕು. ಎರಡನ್ನೂ ಒಮ್ಮೆಲೇ ಮಾಡಿ ಮೇಲೆ ತೊಟ್ಟಿಲನ್ನೂ ತೂಗಬಾರದು. ಕೂಸು ಬೆರಳುಗಳನ್ನು ಅಗಲಿಸಿ ಚಾಚಿದರೆ, ಬಿಕ್ಕಳಿಸಿದರೆ, ಮುಖ ಹೊರಳಿಸಿದರೆ ‘ಸಾಕು’ ಎಂದೇ ಅರ್ಥ. ಎದೆಯ ಮೇಲಿಲ್ಲದಾಗ ಅಂಗಾತ ಮಲಗಿಸಬೇಕು.

ಬೆಳವಣಿಗೆಯ ಲೆಕ್ಕವನ್ನು ಹುಟ್ಟಿದ ದಿನದಿಂದ ಹಾಕಿದರೆ ಅತ್ತೆ ಸೊಸೆಯರ ನಡುವೆ ಸುಮ್ಮನೆ ಜಗಳ ಹುಟ್ಟುತ್ತದೆ. 32 ವಾರಕ್ಕೆ ಹುಟ್ಟಿದ ಕೂಸು ಎಂಟು ವಾರ ಮುಂಚೆ ಬಂದಿದೆ. ಅದಕ್ಕೆ ಐದು ತಿಂಗಳಾದಾಗ ಮೂರು ತಿಂಗಳ ಕೂಸಿನ ಆಟವನ್ನಷ್ಟೇ ನಿರೀಕ್ಷಿಸಬೇಕು, ಎರಡು ವರ್ಷದವರೆಗೂ ಇದೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ಹೀಗೆ ಮುಂಚೆ ಬಂದ ವಾರಗಳನ್ನು ಕಳೆದು ಹಾಕಿದ ವಯಸ್ಸಿನಲ್ಲಿ ಎರಡು ತಿಂಗಳು ದಾಟಿದರೂ ನಗದಿದ್ದರೆ, ನಾಲ್ಕಾದರೂ ಕತ್ತು ನಿಲ್ಲದಿದ್ದರೆ, ಲಂಗೋಟಿ ಕಟ್ಟುವಾಗ ತೊಡೆ ಅಗಲಿಸಲು ಬಾರದಷ್ಟು ಬಿಗಿಯಾಗಿದ್ದರೆ ಜಿಲ್ಲಾಸ್ಪತ್ರೆಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಈ ತಪಾಸಣೆ ಉಚಿತ.

ಕಣ್ಣಿನ ವಿಷಯದಲ್ಲಿ ಕಾಯುವಂತೆಯೇ ಇಲ್ಲ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟಲವನ್ನು, ಅಂದರೆ ಕಣ್ಣಿನೊಳಗಿನ ಹಿಂಬದಿಯ ಪರದೆಯನ್ನು, ಹುಟ್ಟಿದ 30 ದಿನಗಳೊಳಗೆ, ತೀರ ಸಣ್ಣ ಕೂಸಾದರೆ ಇನ್ನೂ ಮೊದಲೇ, ಪರೀಕ್ಷಿಸಲೇಬೇಕು. ಅಲ್ಲಿನ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಕಣ್ಣಪಾಪೆ ಬೆಳ್ಳಗೆ ಕಂಡಾಗ ಕಾಲ ಮೀರಿರುತ್ತದೆ, ಅದೇ ಸಕಾಲಕ್ಕೆ ಲೇಸರ್ ಮಾಡಿದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಬಸ್ ಚಾರ್ಜಿಗೆಂದು ಈ ಒಂದು ತಾರೀಖನ್ನು ಮುಂದೂಡಬಾರದು. ಕಿವಿಯ ಪರೀಕ್ಷೆಯನ್ನೂ ಅಂದೇ ಕೇಳಿಕೊಳ್ಳಬಹುದು.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಬಂದಾಗ ಎದುರಿಗೇ ತೂಕ ಮಾಡಿಸಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಈ ನಡುವೆ ಕೂಸು ಹಾಲು ಬಿಟ್ಟರೆ, ಅಂಗಾಲಿನ ಜೊತೆಗೆ ಹೊಟ್ಟೆಯೂ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಮೀರಿದರೆ ಅಥವಾ ನಡುವೆ ನಿಂತು ನಿಂತು ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಗಾಡಿ ಬರುವಷ್ಟರಲ್ಲಿ ಕೂಸನ್ನು ಕೌದಿಯಲ್ಲಿ ಸುತ್ತಿಡುವ ಬದಲು ಅದೇ ಹಳೆಯ ಸೀರೆಯಿಂದ ಎದೆಗೆ ಕಟ್ಟಿಕೊಂಡು, ಹಾಗೆಯೇ ಗಾಡಿ ಹತ್ತಿ.